ಚೈನ್‌ಸಾದ ಸರಪಳಿ ಬದಲಿಸಿ ಬಿಗಿ ಮಾಡಿದ್ದು

ಶಿರಸಿಯ ನಮ್ಮ ಅಡಿಕೆ ತೋಟದಲ್ಲಿ ಗಾಳಿಮಳೆಗೆ ಬಿದ್ದ ಹಲಸಿನ ಮರವನ್ನು ಕೊಯ್ಯುವಾಗ ಚೈನ್‌ಸಾದ ಸರಪಳಿ ಪದೇ ಪದೇ ಜೋಲುತ್ತಿತ್ತು. ಬಿಗಿ ಮಾಡುವ ತಿರುಪು ಕೊನೆ ಮುಟ್ಟಿದ್ದರಿಂದ ಹೊಸ ಸರಪಳಿಯನ್ನೇ ಹಾಕಬೇಕಾಯಿತು. ಅಂಗಡಿಯಲ್ಲಿ ಬಾರಿನ, ಅಂದರೆ ಸರಪಳಿ ಸುತ್ತುವ ಉದ್ದನೆಯ ಲೋಹದ ಪಟ್ಟಿಯ, ಉದ್ದವನ್ನಷ್ಟೇ ಹೇಳಿದರೆ ಸಾಲದು; ಪಿಚ್ (ಕೊಂಡಿಗಳ ಅಂತರದ ಅಳತೆ), ಗೇಜ್ (ಬಾರಿನ ತೋಡಿನಲ್ಲಿ ಕೂರುವ ಕೊಂಡಿಯ ದಪ್ಪ) ಮತ್ತು ಡ್ರೈವ್ ಲಿಂಕ್‌ಗಳ (ಆ ತೋಡಿನಲ್ಲಿ ಓಡುವ ಕೊಂಡಿಗಳ) ಸಂಖ್ಯೆ ಮೂರೂ ಹೊಂದಬೇಕು. ಇಂಜಿನ್ ಆರಿಸಿ, ಕೈಗವಸು ತೊಟ್ಟು, ಚೈನ್ ಬ್ರೇಕ್ ಬಿಡಿಸಿ, ಬಾರಿನ ತೋಡಿನಲ್ಲಿ ಕೂತಿದ್ದ ಎಣ್ಣೆಹೊಟ್ಟನ್ನು ಕೆರೆದು ತೆಗೆದೆ. ಮೇಲ್ಬದಿಯ ಹಲ್ಲುಗಳು ಬಾರಿನ ತುದಿಯತ್ತ ಮುಖ ಮಾಡುವಂತೆ ಸರಪಳಿ ಕೂರಿಸಿದ ಮೇಲೆ, ಬಾರಿನ ಮೂತಿಯನ್ನು ಎತ್ತಿ ಹಿಡಿದೇ ತಿರುಪು ತಿರುಗಿಸಿ, ಹಾಗೆಯೇ ಹಿಡಿದುಕೊಂಡು ನಟ್ಟುಗಳನ್ನು ಬಿಗಿಯುವುದೇ ಇಲ್ಲಿ ಮುಖ್ಯ. ಎತ್ತದಿದ್ದರೆ ಕೊಯ್ಯುವ ಒತ್ತಡಕ್ಕೆ ಬಾರು ಮೇಲೆ ಸರಿದು ಸರಪಳಿ ಮತ್ತೆ ಸಡಿಲವಾಗುತ್ತದೆ. ಸರಪಳಿ ಕೆಳಬದಿಯಲ್ಲಿ ಬಾರಿಗೆ ತಾಗಿರಬೇಕು, ಆದರೂ ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. ಹೊಸ ಸರಪಳಿ ಬೇಗ ಹಿಗ್ಗುವುದರಿಂದ, ಕೆಲವು ತುಂಡು ಕೊಯ್ದು ತಣಿದ ಮೇಲೆ ಮತ್ತೊಮ್ಮೆ ಬಿಗಿದೆ.