ಚೊರಿಸ್‌ಗೆ ಎಣ್ಣೆ ಬೇಡ, ನೀರು ಸಾಕು

ಕಾರವಾರ ಬಿಟ್ಟು ಮಡಗಾಂವ್‌ನಲ್ಲಿ ಬಾಡಿಗೆಗಿದ್ದ ಮೊದಲ ವರ್ಷ, ಕುರಿಮಾಂಸಕ್ಕೆ ಹಾಕುವಂತೆ ಮೂರು ಚಮಚ ಎಣ್ಣೆ ಸುರಿದು ಚೊರಿಸ್, ಅಂದರೆ ಗೋವಾದ ಹಂದಿಮಾಂಸದ ಸಾಸೇಜು, ಹುರಿದಿದ್ದೆ. ಬಾಣಲೆಯಲ್ಲಿ ಕೆಂಪು ಕೊಬ್ಬು ಕೆರೆಯಂತೆ ನಿಂತಿತು. ತುಂಡುಗಳು ಹೊರಗೆ ಕರಕಲು, ಒಳಗೆ ರಬ್ಬರು. ಮನೆಯ ಒಡತಿಯನ್ನು ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದೆವು. ಸುಟ್ಟ ವಾಸನೆಗೆ ಬಂದು ಇಣುಕಿದ ಅವರು, “ಎಣ್ಣೆ ಅದರ ಹೊಟ್ಟೆಯೊಳಗೇ ಇದೆಯಲ್ಲಪ್ಪಾ” ಎಂದು ನಕ್ಕರು. ಮುಂದಿನದನ್ನೆಲ್ಲ ಅವರೇ ಕಲಿಸಿದರು.

ಗೋವಾದ ಚೊರಿಸ್ ಪೋರ್ಚುಗೀಸರ ಸಾಸೇಜಿನ ವಂಶದ್ದು, ಆದರೆ ಇಲ್ಲಿಯ ಗುಣ ಬೇರೆ. ಕೈಯಿಂದ ಹೆಚ್ಚಿದ ಹಂದಿಮಾಂಸ ಮತ್ತು ಕೊಬ್ಬನ್ನು ಉಪ್ಪು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಲವಂಗ, ದಾಲ್ಚಿನ್ನಿ ಅರೆದ ಮಸಾಲೆಯಲ್ಲಿ ನೆನೆಸುತ್ತಾರೆ. ಹುಳಿಗೆ ತೆಂಗಿನ ಕಳ್ಳಿನ ವಿನೆಗರ್. ಕರುಳಿಗೆ ತುಂಬಿ, ದಾರ ಕಟ್ಟಿ, ಬಿಸಿಲಿಗೂ ಹೊಗೆಗೂ ಒಣಗಿಸುತ್ತಾರೆ. ಮಳೆಗಾಲದಲ್ಲಿ ಮೀನು ಸಿಗದ ದಿನಗಳಿಗೆಂದು ಕೂಡಿಡುವ ಪುರುಮೆಂತ್‌ನಲ್ಲಿ ಇದಕ್ಕೂ ಒಂದು ಜಾಗ. ಒಣಗಿದ್ದರೂ ಇದು ಹಸಿ ಮಾಂಸವೇ. ಸ್ಪೇನಿನ ಒಣ ಚೊರಿಜೊದಂತೆ ಕತ್ತರಿಸಿ ಹಾಗೆಯೇ ತಿನ್ನಬಾರದು.

ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಮಣಿಸರದಂತೆ ತೂಗುಹಾಕಿರುತ್ತಾರೆ. ಮೊದಲು ಮೂಗಿಗೆ ಹಿಡಿಯಿರಿ: ವಿನೆಗರ್ ಮತ್ತು ಹೊಗೆ ಚುರುಕಾಗಿ ಬಡಿಯಬೇಕು. ಅಂಟಂಟಾಗಿದ್ದರೆ, ಮುಗ್ಗಲು ವಾಸನೆ ಇದ್ದರೆ ಬೇಡ. ಬಣ್ಣ ಕಂದು ಬೆರೆತ ಕಡುಕೆಂಪಾಗಿರಲಿ. ಕುಂಕುಮದಂತೆ ಹೊಳೆಯುವುದನ್ನು ಕಂಡರೆ ನನಗೆ ಅನುಮಾನ. ಹಿಸುಕಿದರೆ ಗಟ್ಟಿಯಾಗಿರಬೇಕು, ಬೆರಳಿಗೆ ಮಾಂಸದ ತುಂಡು ತಿಳಿಯಬೇಕು. ಬರೀ ಮೆತ್ತಗಿದ್ದರೆ ನೀವು ಕೊಬ್ಬಿಗೆ ದುಡ್ಡು ಕೊಡುತ್ತಿದ್ದೀರಿ. ಹಾಗೆಂದು ಕೊಬ್ಬೇ ಇಲ್ಲದ್ದನ್ನೂ ಆರಿಸಬೇಡಿ, ಪಲ್ಯ ಒಣಗಿಹೋಗುತ್ತದೆ.

ನಾಲ್ವರಿಗೆ ಹನ್ನೆರಡು ಚಿಕ್ಕ ಮಣಿ ಸಾಕು. ದಾರ ಬಿಚ್ಚಿ ಎಣಿಸಿಕೊಳ್ಳಿ. ಒಮ್ಮೆ ನನ್ನ ಭಾವನ ಹಲ್ಲಿಗೆ ದಾರ ಸಿಕ್ಕಿ ಊಟವೆಲ್ಲ ಅದೇ ಮಾತಾಯಿತು. ಕರುಳನ್ನು ಸೀಳಿ ಸುಲಿದು, ಒಳಗಿನದನ್ನು ಬಾಣಲೆಗೆ ಉದುರಿಸಿ, ಒಂದು ಲೋಟ ತಣ್ಣೀರು ಹಾಕಿ ಸಣ್ಣ ಉರಿಯಲ್ಲಿಡಿ. ನೀರು ಕುದಿಯುತ್ತಿದ್ದಂತೆ ಕೊಬ್ಬು ಕರಗಿ ಅಂಚಿನಲ್ಲಿ ಕಿತ್ತಳೆ ಬಣ್ಣದ ಉಂಗುರ ಏಳುತ್ತದೆ. ಆಗ ಮೂರು ದೊಡ್ಡ ಈರುಳ್ಳಿಯನ್ನು ಉದ್ದುದ್ದ ಹೆಚ್ಚಿ ಸೇರಿಸಿ. ಈರುಳ್ಳಿಯಲ್ಲಿ ಜಿಪುಣತನ ಬೇಡ, ಖಾರ ಮತ್ತು ಹುಳಿಯನ್ನು ಹದಕ್ಕೆ ತರುವುದು ಅದರ ಸಿಹಿಯೇ. ಒಂದು ಆಲೂಗಡ್ಡೆಯನ್ನೂ ಹಾಕಿದರೆ ಅದು ಕೊಬ್ಬು ಹೀರಿಕೊಂಡು ಮಾಂಸಕ್ಕಿಂತ ರುಚಿಯಾಗುತ್ತದೆ. ಮುಚ್ಚಿ ಅರ್ಧ ಗಂಟೆ ಬೇಯಿಸಿ. ಉಪ್ಪನ್ನು ಕೊನೆಗೆ, ರುಚಿ ನೋಡಿದ ಮೇಲೆ. ನನಗೆ ಬೇಕಾಗಿದ್ದೇ ಕಡಿಮೆ.

ಬಡಿಸಲು ಗೋವಾದ ಪೊಯಿ ಸಿಕ್ಕರೆ ಅದೇ: ತೌಡು ಉದುರಿಸಿದ ಆ ಟೊಳ್ಳು ಬ್ರೆಡ್ಡನ್ನು ಬಾಯಿ ತೆರೆಸಿ ತುಂಬಿ, ಒಂದು ನಿಮಿಷ ಒತ್ತಿ ಹಿಡಿಯಿರಿ, ಕೆಂಪು ರಸ ಒಳಗೆ ಇಳಿಯಲಿ. ಇಲ್ಲವೇ ಪಾವ್ ಆದೀತು. ಕುಚ್ಚಲಕ್ಕಿ ಗಂಜಿಯ ಪಕ್ಕದಲ್ಲಿ ಒಂದು ಚಮಚವಿದ್ದರೂ ಸಾಕು. ಬಾಣಲೆಯ ತಳದ ಕೊಬ್ಬನ್ನು ಚೆಲ್ಲಬೇಡಿ, ಮರುದಿನ ಅದರಲ್ಲೇ ಅಕ್ಕಿ ಹುರಿದು ಪಲಾವ್ ಮಾಡಬಹುದು. ನನ್ನ ಹೆಂಡತಿ ಆ ವಾಸನೆಗೆ ಮೂಗು ಮುರಿಯುತ್ತಾಳೆ. ಆದ್ದರಿಂದ ನಾನು ಹಿತ್ತಿಲ ಜಗುಲಿಯಲ್ಲಿ ಒಲೆ ಹಚ್ಚುತ್ತೇನೆ. ಪಲಾವಿನ ತಟ್ಟೆ ಮಾತ್ರ ಒಳಗಿನಿಂದ ಖಾಲಿಯಾಗಿಯೇ ವಾಪಸ್ ಬರುತ್ತದೆ.