ಆಡಿ ಟಿಟಿ ಕೊಟ್ಟು ಹೈಬ್ರಿಡ್ ತಂದೆ: ನನ್ನ ಅನುಭವ

ಕನಕಪುರ ರಸ್ತೆಯಿಂದ ಬೆಳ್ಳಂದೂರಿಗೆ ದಿನಾ ಹೋಗಿ ಬರೋನಿಗೆ ಆಡಿ ಟಿಟಿಯಂಥ ಸ್ಪೋರ್ಟ್ಸ್ ಕಾರು ಯಾಕೆ ಅಂತ ಮೊದಲು ನೆಂಟರಿಷ್ಟರು ಕೇಳುತ್ತಿದ್ದರು. ಅದನ್ನು ಮಾರಿ ಟೊಯೋಟಾ ಹೈರೈಡರ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ಕರೆಂಟಿನ ಮೋಟಾರೂ ಇರುವ ಕಾರು, ತಂದ ಮೇಲೆ ಕಾರಿನ ಹುಚ್ಚಿರುವ ಗೆಳೆಯರು ಇದ್ಯಾಕೆ ಅಂತ ಕೇಳುತ್ತಿದ್ದಾರೆ. ಅವರಲ್ಲಿ ಕೆಲವರು ತಾವೂ ಇದೇ ಯೋಚನೆಯಲ್ಲಿದ್ದಾರೆ ಅನ್ನುವುದು ಎರಡು ಮಾತಾಡಿದರೆ ಗೊತ್ತಾಗುತ್ತದೆ. ಅಂಥವರಿಗೆ ಉಪಯೋಗವಾಗಲಿ ಎಂದು ನಾನು ಏನೇನು ನೋಡಿದೆ, ಏನನ್ನು ಬಿಟ್ಟೆ, ಹೇಗೆ ಮಾರಿದೆ, ಹೇಗೆ ಕೊಂಡೆ ಎಂದು ಬರೆಯುತ್ತಿದ್ದೇನೆ.

ಟಿಟಿ ಬಗ್ಗೆ ನನ್ನದು ಒಂದು ದೂರೂ ಇಲ್ಲ. ನನ್ನದು ಎರಡನೇ ತಲೆಮಾರಿನ, ಎರಡು ಬಾಗಿಲಿನ ಕೂಪೆ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 211 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಕ್ವಾಟ್ರೊ. ನಿಂತಲ್ಲಿಂದ ನೂರು ಮುಟ್ಟಲು ಆರು ಸೆಕೆಂಡೂ ಬೇಡ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಆ ಕಾರು ತಿರುವಿಗೆ ಒರಗಿಕೊಂಡು ಹೋಗುವುದನ್ನು ಒಮ್ಮೆ ಅನುಭವಿಸಿದವರಿಗೆ ನಾನು ಏನೂ ಬಿಡಿಸಿ ಹೇಳಬೇಕಿಲ್ಲ. ಅಂಥ ಕಾರನ್ನು ಬಿಟ್ಟುಕೊಡಲು ಗಟ್ಟಿ ಕಾರಣ ಬೇಕು. ನನಗೆ ಸಿಕ್ಕ ಕಾರಣ ನನ್ನ ದಿನಚರಿಯಲ್ಲೇ ಇತ್ತು.

ಕೆಲವು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟೆ: ಎಲ್ಲಿಗೆ ಹೋದೆ, ಎಷ್ಟು ಹೊತ್ತು ಹಿಡಿಯಿತು, ಜೊತೆಗೆ ಯಾರಿದ್ದರು, ಡಿಕ್ಕಿಯಲ್ಲಿ ಏನಿತ್ತು. ಬೇರೆ ಕಾರು ನೋಡಲು ಹೊರಡುವ ಮುಂಚೆ ಎಲ್ಲರೂ ಮಾಡಬೇಕಾದ ಕೆಲಸ ಇದು. ಬನಶಂಕರಿ ದಾಟುವ ಹೊತ್ತಿಗೇ ಮೊದಲ ಗೇರು, ಎರಡನೇ ಗೇರು, ಮತ್ತೆ ಮೊದಲ ಗೇರು. ಸಿಲ್ಕ್ ಬೋರ್ಡ್ ದಾಟಿ ಔಟರ್ ರಿಂಗ್ ರೋಡ್ ಹಿಡಿದರೆ ಗಂಟೆಗೆ ಹದಿನೈದು ಕಿಲೋಮೀಟರ್ ವೇಗವೇ ಪುಣ್ಯ. ನನ್ನ ಆಫೀಸು ಮೆಟ್ರೊ ಹಳದಿ ಮಾರ್ಗದ ಪಕ್ಕ ಇದ್ದಿದ್ದರೆ ಈ ಲೇಖನವೇ ಬೇರೆಯಾಗುತ್ತಿತ್ತು, ಅದಕ್ಕೆ ಸೇರುವ ಹಸಿರು ಮಾರ್ಗ ಮನೆ ಹತ್ತಿರವೇ ಇದೆ. ರಿಂಗ್ ರೋಡಿನ ನೀಲಿ ಮಾರ್ಗ ಬರುವವರೆಗೆ ನನಗೆ ಕಾರೇ ಗತಿ.

ಪುಸ್ತಕ ತಿರುವಿ ನೋಡಿದಾಗ ಸ್ಪಷ್ಟವಾಗಿ ಕಂಡದ್ದು ಇದು: 211 ಅಶ್ವಶಕ್ತಿ ಬೇಕಾದ ಗಳಿಗೆಗಳು ತಿಂಗಳಿಗೆ ಬೆರಳೆಣಿಕೆ. ಹದಿನೈದರ ವೇಗದಲ್ಲಿ ಸಮಾಧಾನವಾಗಿ ಸಾಗುವ ಕಾರು ಬೇಕಾದ ಗಳಿಗೆಗಳು ದಿನಾ, ಎರಡೂ ಹೊತ್ತು. ಟ್ರಾಫಿಕ್‌ನಲ್ಲಿ ಟಿಟಿ ಲೀಟರಿಗೆ ಏಳು ಕಿಲೋಮೀಟರ್ ಕೊಡುತ್ತಿತ್ತು. ಅಂಥ ಎಂಜಿನ್ನಿಗೆ ಅದು ಸಹಜ.

ಇನ್ನೊಂದು ಕಾರಣ ಅಮ್ಮ. ಅಮ್ಮನಿಗೆ ಮಂಡಿ ನೋವು. ಟಿಟಿ ಸೀಟು ಅವರ ಮಂಡಿಗಿಂತ ಕೆಳಗೆ. ಮೊದಲು ಬಾಗಿಲ ಚೌಕಟ್ಟನ್ನು ಹಿಡಿಯಬೇಕು, ಒಂದು ಕಾಲು ಒಳಗಿಡಬೇಕು, ಆಮೇಲೆ ಮೈಯನ್ನು ಕೆಳಕ್ಕೆ ಬಿಡಬೇಕು. ಇಳಿಯುವಾಗ ನಾನು ಎರಡೂ ಕೈ ಕೊಟ್ಟು ಎಬ್ಬಿಸಬೇಕು. ಆಸ್ಪತ್ರೆಗೆ ಹೋಗುವ ದಿನ ಅಮ್ಮ ತಾವಾಗೇ "ಆಟೋ ಕರಿ ಸಾಕು" ಅನ್ನುತ್ತಿದ್ದರು. ಮನೆಯಲ್ಲಿ ಕಾರಿದ್ದೂ ಅಮ್ಮ ಆಟೋದಲ್ಲಿ ಹೋಗುವುದು ನನಗೆ ಸಹಿಸಲು ಆಗುತ್ತಿರಲಿಲ್ಲ.

ಹಾಗಾಗಿ ಹೊಸ ಕಾರು ಹುಡುಕುವಾಗ ನನ್ನ ಕೈಯಲ್ಲಿ ಟೇಪು ಇತ್ತು. ಅಮ್ಮ ಊಟದ ಮೇಜಿನ ಕುರ್ಚಿಯಿಂದ ಯಾರ ಸಹಾಯವೂ ಇಲ್ಲದೆ ಏಳುತ್ತಾರೆ. ಆ ಕುರ್ಚಿಯ ಎತ್ತರ ಅಳೆದುಕೊಂಡು, ಶೋರೂಮಿಗೆ ಹೋದಲ್ಲೆಲ್ಲ ಮುಂದಿನ ಸೀಟಿನ ಎತ್ತರವನ್ನು ನೆಲದಿಂದ ಅಳೆದೆ. ಕುರ್ಚಿಗಿಂತ ತೀರಾ ತಗ್ಗಾದರೆ ಏಳಲು ಕಷ್ಟ, ತೀರಾ ಎತ್ತರವಾದರೆ ಹತ್ತಲು ಕಷ್ಟ. ದೊಡ್ಡ ಎಸ್‌ಯುವಿಗಳು ಈ ಎರಡನೇ ಕಾರಣಕ್ಕೇ ಬಿದ್ದುಹೋದವು. ಹೈರೈಡರ್‌ನಲ್ಲಿ ಅಮ್ಮ ಬಾಗಿಲ ಕಡೆ ಬೆನ್ನು ತಿರುಗಿಸಿ ಕೂತು, ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಂಡರು. ಇಳಿಯುವಾಗ ಕೈ ಕೊಡಲು ಹೋದೆ. "ಬೇಡ ಕಣೋ, ನಾನೇ ಏಳ್ತೀನಿ" ಅಂದರು. ನನ್ನ ಪಟ್ಟಿಯಲ್ಲಿ ಅದು ಆ ಕ್ಷಣವೇ ಮೊದಲ ಸ್ಥಾನಕ್ಕೆ ಬಂತು.

ಟೈರನ್ನೂ ಗಮನಿಸಿ. ಟಿಟಿಯಲ್ಲಿ ಇದ್ದದ್ದು 245/40 ಆರ್18. ಅಂದರೆ ಟೈರಿನ ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರಲ್ಲಿ ಶೇ. 40, ಸುಮಾರು 98 ಮಿ.ಮೀ. ಹೈರೈಡರ್‌ದು 215/60 ಆರ್17, ಗೋಡೆ 129 ಮಿ.ಮೀ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಚಕ್ರ ಇಳಿದಾಗ ರಿಮ್ ಉಳಿಯುತ್ತದೋ ಬಾಗುತ್ತದೋ ಎನ್ನುವುದು ಈ ಮೂರು ಸೆಂಟಿಮೀಟರಿನಲ್ಲಿದೆ. ಹಂಪ್ ವಿಷಯವೂ ಅಷ್ಟೇ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಉದ್ದಕ್ಕೆ ನಿಧಾನವಾಗಿ ಏರಿ ಇಳಿಯಬೇಕು. ನಮ್ಮ ಬಡಾವಣೆಯ ಒಳರಸ್ತೆಗಳಲ್ಲಿ ಅಂಥದ್ದು ಎಲ್ಲಿದೆ? ಹಗ್ಗದ ದಪ್ಪಕ್ಕೆ ಡಾಂಬರು ಸುರಿದು ಎಬ್ಬಿಸಿದವೇ ಹೆಚ್ಚು. ತಗ್ಗಿನ ಕಾರಿನಲ್ಲಿ ಪ್ರತಿಯೊಂದನ್ನೂ ಓರೆಯಾಗಿ ಹತ್ತಿಸಬೇಕು, ಹಿಂದಿನವರು ಹಾರ್ನ್ ಬಾರಿಸುತ್ತಿರುತ್ತಾರೆ.

ಇಂಧನದ ಆಯ್ಕೆಗೆ ಬರುತ್ತೇನೆ, ಏಕೆಂದರೆ ಹೆಚ್ಚು ಜನ ತಬ್ಬಿಬ್ಬಾಗುವುದು ಇಲ್ಲೇ. ನನಗೆ ಮೊದಲು ಹೊಳೆದದ್ದು ಎಲೆಕ್ಟ್ರಿಕ್. ಸ್ವಂತ ಮನೆ, ಸ್ವಂತ ಕಾರ್ ಶೆಡ್ ಇರುವವರು ಅದನ್ನೇ ಕೊಳ್ಳಿ ಅನ್ನುತ್ತೇನೆ. ನಮ್ಮದು ಹಳೆಯ ಅಪಾರ್ಟ್‌ಮೆಂಟು, ಪಾರ್ಕಿಂಗ್ ಜಾಗಕ್ಕೂ ಮೀಟರ್ ಬೋರ್ಡಿಗೂ ಬಹಳ ದೂರ, ಕೇಬಲ್ ಎಳೆಯಲು ಎಲ್ಲರ ಒಪ್ಪಿಗೆ ಬೇಕು. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಲಾಗದೆ ಹೋದರೆ ಎಲೆಕ್ಟ್ರಿಕ್ ಕಾರಿನ ಅರ್ಧ ಸುಖ ಹೋಯಿತು. ಡೀಸೆಲ್ ನನ್ನ ಓಡಾಟಕ್ಕೆ ಸರಿಯಲ್ಲ. ಬಿಎಸ್6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಕಾರು ಆಗಾಗ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿ ಬಿಸಿಯಾಗಬೇಕು. ಬರೀ ಊರೊಳಗೆ ತೆವಳುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ಸಿಎನ್‌ಜಿ ಅಗ್ಗ, ಆದರೆ ಬಂಕಿನ ಕ್ಯೂನಲ್ಲಿ ನಿಲ್ಲುವಷ್ಟು ಪುರುಸೊತ್ತು ನನಗಿಲ್ಲ.

ಉಳಿದದ್ದು ಹೈಬ್ರಿಡ್. ಇಲ್ಲಿ ಒಂದು ಎಚ್ಚರಿಕೆ: ಮೈಲ್ಡ್ ಹೈಬ್ರಿಡ್ ಎಂದು ಮಾರುವುದೇ ಬೇರೆ, ಸ್ಟ್ರಾಂಗ್ ಹೈಬ್ರಿಡ್ಡೇ ಬೇರೆ. ಮೈಲ್ಡ್‌ನಲ್ಲಿ ಪುಟ್ಟ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೇ, ಕಾರನ್ನು ಅದೊಂದೇ ಎಳೆಯಲಾರದು. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಂಜಿನ್ ಪೂರ್ತಿ ನಿಂತಿದ್ದರೂ ಮೋಟಾರೇ ಕಾರನ್ನು ಎಳೆಯುತ್ತದೆ. ಹೈರೈಡರ್‌ದು ಮೂರು ಸಿಲಿಂಡರಿನ 1,490 ಸಿಸಿ ಎಂಜಿನ್, ಮೋಟಾರೂ ಸೇರಿ ಒಟ್ಟು 115 ಚಿಲ್ಲರೆ ಅಶ್ವಶಕ್ತಿ. ಇಲ್ಲಿ ಕ್ಲಚ್ಚಿಲ್ಲ, ಬೆಲ್ಟಿಲ್ಲ. ಎಂಜಿನ್ನನ್ನೂ ಎರಡು ಮೋಟಾರುಗಳನ್ನೂ ಒಂದು ಪ್ಲಾನೆಟರಿ ಗೇರ್ (ನಡುವಿನ ಹಲ್ಲುಚಕ್ರದ ಸುತ್ತ ಚಿಕ್ಕ ಹಲ್ಲುಚಕ್ರಗಳು ತಿರುಗುವ ಜೋಡಣೆ) ಜೋಡಿಸುತ್ತದೆ, ಸವೆಯುವ ಭಾಗಗಳು ಕಡಿಮೆ. ಬ್ರೇಕ್ ಒತ್ತಿದಾಗ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ. ಹಾಗಾಗಿ ನಿಂತು ನಿಂತು ಹೋಗುವ ರಸ್ತೆಯೇ ಇದಕ್ಕೆ ಲಾಭ. ಎಸಿ ಕಂಪ್ರೆಸರ್ ಕೂಡ ಕರೆಂಟಿನದು, ಸಿಗ್ನಲ್‌ನಲ್ಲಿ ಎಂಜಿನ್ ನಿಂತರೂ ತಣ್ಣನೆ ಗಾಳಿ ನಿಲ್ಲುವುದಿಲ್ಲ. ನಮ್ಮ ಬಿಡದಿಯಲ್ಲೇ ತಯಾರಾಗುವ ಕಾರು ಅನ್ನುವುದೂ ನನಗೆ ಸಂತೋಷದ ವಿಷಯ.

ದುಡ್ಡಿನ ಲೆಕ್ಕ ಹೀಗೆ ಹಾಕಿದೆ. ತಿಂಗಳಿಗೆ ಸಾವಿರ ಕಿಲೋಮೀಟರ್, ಪೆಟ್ರೋಲು ಲೀಟರಿಗೆ 102 ರೂಪಾಯಿ. ಏಳರ ಮೈಲೇಜಿಗೆ 143 ಲೀಟರ್, ಹದಿನಾಲ್ಕೂವರೆ ಸಾವಿರ. ಕಂಪನಿ ಹೇಳುವ ಮೈಲೇಜು 27.97. ಅದನ್ನು ನಂಬದೆ 21 ಎಂದು ಹಿಡಿದೆ, 48 ಲೀಟರ್, ಐದು ಸಾವಿರದೊಳಗೆ. ತಿಂಗಳಿಗೆ ಸುಮಾರು ಹತ್ತು ಸಾವಿರ ಉಳಿತಾಯ. ಟೈರು, ಇನ್ಶೂರೆನ್ಸು, ಗೇರ್‌ಬಾಕ್ಸಿನ ಮತ್ತು ಕ್ವಾಟ್ರೊ ಕ್ಲಚ್ಚಿನ ಆಯಿಲ್ಲು ಇದಕ್ಕೆ ಸೇರಿಲ್ಲ.

ಆದರೆ ಅದೇ ಹೈರೈಡರ್‌ನ ಮಾಮೂಲಿ ಪೆಟ್ರೋಲ್ ಕಾರಿನ ಜೊತೆ ಹೋಲಿಸಿದರೆ ಲೆಕ್ಕ ಬೇರೆ. ಊರೊಳಗೆ ಅದು ಹನ್ನೆರಡು ಕೊಟ್ಟರೆ ಹೈಬ್ರಿಡ್‌ನಿಂದ ತಿಂಗಳಿಗೆ ಉಳಿಯುವುದು ಮೂರೂವರೆ ಸಾವಿರದ ಮೇಲೆ ಚೂರು. ಬೆಲೆಯ ಅಂತರ ಮೂರು ಲಕ್ಷ ಎಂದಿಟ್ಟುಕೊಂಡರೆ ಅದು ಹುಟ್ಟಲು ಏಳು ವರ್ಷದ ಹತ್ತಿರ ಬೇಕು. ತಿಂಗಳಿಗೆ ಐನೂರು ಕಿಲೋಮೀಟರ್ ಓಡಿಸುವವರಿಗೆ ಈ ದುಡ್ಡು ವಾಪಸ್ ಬರುವುದೇ ಇಲ್ಲ ಎಂದುಕೊಳ್ಳಿ, ಮಾಮೂಲಿ ಪೆಟ್ರೋಲ್ ಸಾಕು. ನಾನು ಹೈಬ್ರಿಡ್ ತಗೊಂಡದ್ದು ಬಹುಕಾಲ ಇಟ್ಟುಕೊಳ್ಳುವ ಲೆಕ್ಕದಲ್ಲಿ, ಜೊತೆಗೆ ಟ್ರಾಫಿಕ್‌ನಲ್ಲಿ ಸಿಗುವ ನಿಶ್ಶಬ್ದಕ್ಕೆ. ಕರ್ನಾಟಕದ ರಸ್ತೆ ತೆರಿಗೆಯನ್ನೂ ಮರೆಯಬೇಡಿ, 10ರಿಂದ 20 ಲಕ್ಷದ ಕಾರಿಗೆ ಶೇ. 17, ಮೇಲೆ ಸೆಸ್. 10 ಲಕ್ಷ ಮೀರಿದ ಕಾರಿಗೆ ಶೋರೂಮಿನವರು ಶೇ. 1 ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ತೆರಿಗೆ) ಕಟ್ಟಿಸಿಕೊಳ್ಳುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ನಮಗೇ ಜಮೆಯಾಗುವ ಹಣ, ಕೇಳಿ ಪಡೆಯಿರಿ.

ಟೆಸ್ಟ್ ಡ್ರೈವ್ ವಿಷಯದಲ್ಲಿ ಹಟ ಹಿಡಿಯಿರಿ. ಶೋರೂಮಿನವರು ಮಧ್ಯಾಹ್ನ ಮೂರಕ್ಕೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ನಾನು ಬೆಳಗ್ಗೆ ಒಂಬತ್ತಕ್ಕೆ ಬೇಕು, ನನ್ನ ದಾರಿಯಲ್ಲೇ ಬೇಕು ಅಂದೆ. "ಸರ್, ಆ ಹೊತ್ತಲ್ಲಿ ಗಾಡಿ ಓಡ್ಸಕ್ಕೇ ಆಗಲ್ಲ" ಅಂದ ಹುಡುಗ. ಅದಕ್ಕೇ ಬೇಕು ಅಂದೆ. ಹೆಂಡತಿ ಹಿಂದೆ ಕೂತಳು, ಮನೆಯ ಎರಡು ಸೂಟ್‌ಕೇಸು ಡಿಕ್ಕಿಗೆ ಹಾಕಿದೆವು. ಬ್ಯಾಟರಿ ಕೆಳಗೆ ಕೂತಿರುವುದರಿಂದ ಹೈಬ್ರಿಡ್‌ನಲ್ಲಿ ಡಿಕ್ಕಿ ಚಿಕ್ಕದು, ದೊಡ್ಡ ಸೂಟ್‌ಕೇಸು ಮಲಗಿಸಿದರೆ ಇನ್ನೊಂದಕ್ಕೆ ಇಕ್ಕಟ್ಟು. ತಿಪಟೂರಿನಿಂದ ತೆಂಗಿನಕಾಯಿ ಚೀಲ, ಅಕ್ಕಿ ಮೂಟೆ ತರುವ ಮನೆ ನಮ್ಮದು. ಹಿಂದಿನ ಸೀಟು ಮಡಚಬಹುದು ಎಂದು ನೋಡಿಕೊಂಡೇ ಒಪ್ಪಿದೆವು.

ಟಿಟಿ ಮಾರಾಟ ನಿಧಾನವಾಗಿ ಆಯಿತು, ಆಗಬೇಕಾದದ್ದೂ ಹಾಗೆಯೇ. ಬೇಗ ಕೊಳ್ಳುವವರು ಹೇಳಿದ ಬೆಲೆ ಮಾಮೂಲಿ ಸೆಡಾನಿನ ಲೆಕ್ಕದ್ದು. ಟಿಟಿ ತಯಾರಿಕೆಯೇ 2023ರಲ್ಲಿ ನಿಂತಿದೆ, ಅದನ್ನು ಬಲ್ಲವನಿಗೇ ಕೊಡಬೇಕು ಎಂದು ಕಾದೆ. ಪ್ರತಿ ಸರ್ವಿಸಿನ ಬಿಲ್ಲು ತಾರೀಖಿನ ಪ್ರಕಾರ ಫೈಲಿನಲ್ಲಿತ್ತು. ಬೆಲೆ ಮಾತಾಡಿದ್ದು ಆ ಫೈಲೇ. ಕೊಂಡವರು ಮಂಗಳೂರಿನವರು. ರಾಜ್ಯದೊಳಗೇ ಆದ್ದರಿಂದ ಮತ್ತೆ ಜೀವಾವಧಿ ತೆರಿಗೆ ಇಲ್ಲ. ಬೇರೆ ರಾಜ್ಯದವರಾದರೆ ಆರ್‌ಟಿಒ ಎನ್‌ಒಸಿ ಬೇಕು, ಅಲ್ಲಿ ತೆರಿಗೆಯೂ ಕಟ್ಟಬೇಕು. ಅದಕ್ಕೆ ತಕ್ಕಂತೆ ಬೆಲೆ ಇಳಿಸಲು ಕೇಳುತ್ತಾರೆ.

ಕಾಗದ ಪತ್ರದಲ್ಲಿ ಸಡಿಲ ಬಿಡಬೇಡಿ. ಹೆಸರು ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ, ಸಾಲ ಇದ್ದಿದ್ದರೆ ಅದು ತೀರಿತು ಎನ್ನುವ ಬ್ಯಾಂಕಿನ ಫಾರಂ 35. ಗಾಡಿ ಕೈಬಿಟ್ಟ ತಾರೀಖು, ಗಂಟೆ, ನಿಮಿಷ ಬರೆದ ಡೆಲಿವರಿ ನೋಟ್. ಹಳೇ ಟ್ರಾಫಿಕ್ ದಂಡ ಕಟ್ಟಿ ರಸೀದಿ ಕೊಡಿ, ಫಾಸ್ಟ್ಯಾಗ್ ಮುಚ್ಚಿಸಿ. ಆರ್‌ಸಿ ಅವರ ಹೆಸರಿಗೆ ಆಗುವವರೆಗೆ ಬೆನ್ನು ಬಿಡಬೇಡಿ. ಎಷ್ಟೋ ಜನ ಕೈಬಿಡುವ ಇನ್ನೊಂದು ಲಾಭ ನೋ ಕ್ಲೈಮ್ ಬೋನಸ್. ಅದು ಕಾರಿನದಲ್ಲ, ಮಾಲೀಕನದು. ಐದು ವರ್ಷ ಕ್ಲೈಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ. ಹಳೇ ಕಾರು ಮಾರಿದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಿಸಬಹುದು. ನನಗೆ ಸ್ವಂತ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂ ಅರ್ಧಕ್ಕಿಳಿಯಿತು.

ಓಡಿಸುವ ಕಲೆಯೂ ಬದಲಾಗಿದೆ, ಅದನ್ನು ನಾನು ಮನಸಾರೆ ಇಷ್ಟಪಟ್ಟು ಕಲಿತೆ. ಸಿಗ್ನಲ್ ಬಿಟ್ಟಾಗ ಮೆಲ್ಲಗೆ ಒತ್ತಿದರೆ ಇವಿ ಎಂಬ ಹಸಿರು ದೀಪ ಉರಿದಂತೆಯೇ ಕಾರು ಹೊರಡುತ್ತದೆ. ಮುಂದಿನ ಬಸ್ಸು ನಿಲ್ಲುತ್ತದೆ ಎಂದು ಮೊದಲೇ ಊಹಿಸಿ ದೂರದಿಂದಲೇ ಹಗುರವಾಗಿ ಬ್ರೇಕ್ ಹಿಡಿದರೆ ಹೆಚ್ಚು ಚಾರ್ಜ್ ವಾಪಸ್ ಬರುತ್ತದೆ. ಕೊನೇ ಗಳಿಗೆಯಲ್ಲಿ ಜೋರಾಗಿ ಒತ್ತಿದರೆ ಅದೆಲ್ಲ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗುತ್ತದೆ. ಘಾಟಿ ಇಳಿಯುವಾಗ ಗೇರ್ ಲಿವರನ್ನು 'ಬಿ' ಎಂಬ ಸ್ಥಾನಕ್ಕೆ ಹಾಕಿದರೆ ಕಾರಿನ ವೇಗ ಏರದಂತೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ತಿರುವಿನ ಮುಂಚೆ ದೂರ ನೋಡಿ ವೇಗ ಹೊಂದಿಸುವುದನ್ನು ಟಿಟಿ ಕಲಿಸಿತ್ತು. ಅದೇ ಕಣ್ಣು ಇಲ್ಲಿ ಮೈಲೇಜಿಗೆ ಕೆಲಸಕ್ಕೆ ಬಂತು. ಮೈಲೇಜನ್ನು ಸ್ಕ್ರೀನ್ ನೋಡಿ ಅಲ್ಲ, ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಅಳೆಯುತ್ತೇನೆ. ಊರೊಳಗೆ 22ರ ಆಸುಪಾಸು ಬರುತ್ತಿದೆ.

ಕೊರತೆ ಇಲ್ಲವೇ? ಇದೆ. ಗುಬ್ಬಿ ದಾಟಿ ತಿಪಟೂರಿನ ಕಡೆ ಲಾರಿ ಹಿಂದಿಕ್ಕಬೇಕಾದರೆ ಮುಂಚೆಯೇ ಯೋಚಿಸಬೇಕು. ಪೂರ್ತಿ ಒತ್ತಿದರೆ ಎಂಜಿನ್ ಸದ್ದು ಮೊದಲು ಏರುತ್ತದೆ, ವೇಗ ಆಮೇಲೆ ಬರುತ್ತದೆ. ಸ್ಟೀರಿಂಗ್‌ನಲ್ಲಿ ರಸ್ತೆಯ ಮಾತು ಕೇಳುವುದಿಲ್ಲ. ಆ ಆಸೆಯನ್ನು ನಾನು ಸಾಯಿಸಿಲ್ಲ, ಅದರ ಜಾಗ ಬದಲಾಯಿಸಿದ್ದೇನೆ. ಆಗಾಗ ಊರಾಚೆ ಕಾರ್ಟಿಂಗ್‌ಗೆ ಹೋಗುತ್ತೇನೆ. ನೆಲಕ್ಕೆ ಅಂಟಿಕೊಂಡ ಆ ಪುಟ್ಟ ಗಾಡಿಯಲ್ಲಿ ಹಿಂದಿನ ಚಕ್ರ ಜಾರುವುದು ಸೊಂಟಕ್ಕೇ ತಿಳಿಯುತ್ತದೆ. ಪೆಟ್ರೋಲಿನಲ್ಲಿ ಉಳಿದ ದುಡ್ಡಿನಲ್ಲಿ ಒಂದಷ್ಟನ್ನು ಬೇರೆ ತೆಗೆದಿಡುತ್ತಿದ್ದೇನೆ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ 3.7 ಕಿ.ಮೀ.ನ ರೇಸ್ ಟ್ರ್ಯಾಕ್ ಇದೆ, ರೇಸ್ ಓಡಿಸುವ ತರಬೇತಿಗೆ ಅಲ್ಲಿ ಸೇರಬೇಕೆಂದಿದ್ದೇನೆ. ಚೆನ್ನೈವರೆಗೂ ಹೈರೈಡರ್‌ನಲ್ಲೇ ಹೋಗಿ ಬರುತ್ತೇನೆ, ಹೆಲ್ಮೆಟ್ಟಿಗೆ ಡಿಕ್ಕಿಯಲ್ಲಿ ಜಾಗ ಧಾರಾಳವಾಗಿದೆ.