ಮಗಳನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ವೈಟ್‌ಫೀಲ್ಡ್‌ಗೆ

"ಎರಡೂವರೆ ವರ್ಷದ ಕೂಸನ್ನು ಎತ್ತಿಕೊಂಡು ಬಸವನಗುಡಿಯಿಂದ ವೈಟ್‌ಫೀಲ್ಡ್‌ಗೆ, ಅದೂ ಮೆಟ್ರೊದಲ್ಲಿ? ಮಗುವೂ ಬಾಡುತ್ತದೆ, ನೀನೂ ಹಣ್ಣಾಗುತ್ತೀಯ" ಎಂದರು ಅತ್ತಿಗೆ. ನಮ್ಮ ಯಜಮಾನರು ಬಾಯಿ ಬಿಡಲಿಲ್ಲ. ಕ್ಯಾಬ್ ಆ್ಯಪ್ ತೆರೆದು ಮೊಬೈಲನ್ನು ನನ್ನ ತಟ್ಟೆಯ ಪಕ್ಕ ಇಟ್ಟರು. ಅವರ ಆಕ್ಷೇಪಣೆ ಯಾವಾಗಲೂ ಹೀಗೆಯೇ.

ಅನುಮಾನಕ್ಕೆ ಕಾರಣವಿತ್ತು ಎನ್ನಿ. ಮಕ್ಕಳ ಬಗ್ಗೆ ಬರೆಯುವ ನಮ್ಮಂಥವರನ್ನು ಕಂಪನಿಗಳು ತಮ್ಮ ಸರಕಿನ ಕಾರ್ಯಕ್ರಮಕ್ಕೆ ಕರೆದು, ಅದರ ಬಗ್ಗೆ ಬರೆಸಿಕೊಂಡು, ದುಡ್ಡಿನ ಬದಲು ಏನಾದರೂ ಉಡುಗೊರೆ ಕೊಟ್ಟು ಕಳಿಸುವುದುಂಟು. ವೈಟ್‌ಫೀಲ್ಡ್‌ನದೂ ಅಂಥದೇ ಕರೆ. ಮೊದಲ ಸಲ ಕ್ಯಾಬ್‌ನಲ್ಲಿ ಹೊರಟು ಮಾರತಹಳ್ಳಿಯ ಹತ್ತಿರ ಮುಕ್ಕಾಲು ಗಂಟೆ ಸಿಕ್ಕಿಕೊಂಡೆವು. ಮಗಳು ವಾಂತಿ ಮಾಡಿದಳು. ಬಾಡಿಗೆ ಸುಮಾರು 850, ಸೀಟು ತೊಳೆಸಲು ಚಾಲಕ ಕೇಳಿದ್ದು 500. ತಲುಪಿದಾಗ ವಂದನಾರ್ಪಣೆ ನಡೆಯುತ್ತಿತ್ತು. ಕೈಗೆ ಬಂದದ್ದು ಒಂದು ನೀರಿನ ಬಾಟಲಿ, ಒಂದು ಬಟ್ಟೆಯ ಚೀಲ.

ಎರಡನೆಯ ಸಲದ್ದು ಇನ್ನೂ ಚೆಂದ. ದುಡ್ಡಿನ ಬದಲು 24,000 ರೂಪಾಯಿಯ ತಳ್ಳುಗಾಡಿ ಕೊಡುತ್ತೇವೆ ಎಂದರು, ಹಿಗ್ಗಿದೆ. 2022ರ ಜುಲೈನಿಂದ ಇಂಥ ಉಡುಗೊರೆ ವರ್ಷಕ್ಕೆ 20,000 ದಾಟಿದರೆ ಶೇ 10ರಷ್ಟು ತೆರಿಗೆ ಕಟ್ಟಿದ ಮೇಲೆಯೇ ಕೈಗೆ ಸಿಗುವುದು ಎಂಬುದು ಆಮೇಲೆ ತಿಳಿಯಿತು. ಕೈಗಂಟಿನಿಂದ 2,400 ಕಟ್ಟಿದೆ. ಮನೆಗೆ ತಂದರೆ ಗಾಡಿ ನಮ್ಮ ಹಳೆಯ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಆರು ಸಾವಿರಕ್ಕೋ ಏಳಕ್ಕೋ ಮಾರಿದೆ.

ಅಂದಿನಿಂದ ಉಡುಗೊರೆಗೆ ಕೈಮುಗಿದೆ. ಶುಲ್ಕ 8,000, ಅರ್ಧ ಮುಂಗಡ, ಊಟದ ಹೊತ್ತಿಗೆ ಹೊರಟುಬಿಡುತ್ತೇನೆ ಎಂದು ಬರೆದು ಕಳಿಸತೊಡಗಿದೆ. ಎರಡು ಕಂಪನಿಗಳು ಉತ್ತರಿಸಲೇ ಇಲ್ಲ. ಮೂರನೆಯದು, ಈ ವೈಟ್‌ಫೀಲ್ಡ್‌ನದು, ಚೌಕಾಸಿ ಮಾಡಿ 6,000ಕ್ಕೆ ಒಪ್ಪಿತು. ಪತ್ರದ ಯಾವ ಸಾಲು ನೋಡಿ ಒಪ್ಪಿತು ಎಂಬುದು ನನ್ನಲ್ಲೇ ಇರಲಿ.

ಇನ್ನು ಮಗುವನ್ನು ಹೊರುವ ಪ್ರಶ್ನೆ. ಮೂರು ಸಂಜೆ ಗಾಂಧಿ ಬಜಾರಿನಲ್ಲಿ ಪ್ರಯೋಗ ನಡೆಸಿದೆ. ಗೆಳತಿಯಿಂದ ಎರವಲು ತಂದ 3,500 ರೂಪಾಯಿಯ ಕ್ಯಾರಿಯರ್‌ನಲ್ಲಿ ಹನ್ನೆರಡು ಕಿಲೋ ಭಾರ ಪೂರಾ ಭುಜಕ್ಕೆ ಬಿತ್ತು. ಅಮ್ಮನ ಹಳೆಯ ನೂಲಿನ ಸೀರೆಯನ್ನು ಓರೆಯಾಗಿ ಜೋಳಿಗೆ ಕಟ್ಟಿದಾಗ ಭಾರ ಸೊಂಟಕ್ಕೆ ಇಳಿಯಿತು. ಹೂವಿನವರೊಬ್ಬರು ನೋಡಿ, ಗಂಟು ಇನ್ನೂ ನಾಲ್ಕು ಬೆರಳು ಹಿಂದಕ್ಕಿರಲಿ ಎಂದು ತಾವೇ ಸರಿಪಡಿಸಿದರು. ದುಡ್ಡು ಕೊಟ್ಟು ತಂದದ್ದಕ್ಕೆ ಇಷ್ಟು ಬುದ್ಧಿ ಇರಲಿಲ್ಲ.

ಕಾರ್ಯಕ್ರಮದ ದಿನ ಮಗಳಿಗೆ ಮನೆಯಲ್ಲೇ ಎರಡು ಇಡ್ಲಿ ತಿನ್ನಿಸಿದೆ, ಮೆಟ್ರೊ ರೈಲಿನಲ್ಲಿ ತಿನ್ನುವಂತಿಲ್ಲವಲ್ಲ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ನೂಕುನುಗ್ಗಲಿನ ಎರಡು ರೈಲು ಬಿಟ್ಟು ಮೂರನೆಯದರ ಮಹಿಳೆಯರ ಬೋಗಿಗೆ ಹತ್ತಿದೆ. ಮಗಳಿಗೆ ಜೋಳಿಗೆಯಲ್ಲೇ ನಿದ್ದೆ ಬಂತು. ಕಬ್ಬನ್ ಪಾರ್ಕ್ ದಾಟಿ ರೈಲು ನೆಲದಡಿಯಿಂದ ಮೇಲೆ ಬಂದಾಗ ಮುಖಕ್ಕೆ ಬಿಸಿಲು ಬಿದ್ದು ಎಚ್ಚರವಾಯಿತು. ತುಟಿ ಅಳುವಿಗೆ ಸೊಟ್ಟಗಾಗುತ್ತಿದ್ದಂತೆ ಚೀಲದಿಂದ ಒಂದು ಡಬ್ಬಿ ತೆಗೆದೆ. ಕೃಷ್ಣರಾಜಪುರದ ತೂಗುಸೇತುವೆ ಬರುವ ತನಕ ಅವಳು ತಲೆ ಎತ್ತಲಿಲ್ಲ. ಡಬ್ಬಿಯಲ್ಲಿ ಏನಿತ್ತು ಎಂದು ಕೇಳಬೇಡಿ. ತಿಂಡಿಯಲ್ಲ, ಮೊಬೈಲ್ ಅಲ್ಲ, ಇಪ್ಪತ್ತು ರೂಪಾಯಿ ದಾಟಿದ್ದೂ ಅಲ್ಲ.

ಕಾರ್ಯಕ್ರಮ ಎಂದಿನಂತೆಯೇ: ಬಲೂನು, ದೀಪ, ಪರದೆಯ ಮೇಲೆ ನಗುವ ಮಕ್ಕಳು. ಕೊನೆಗೆ ಮಾತ್ರ ಆರು ತಿಂಗಳ ಕೂಸಿನ ಧಾನ್ಯದ ಹಿಟ್ಟಿನ ಪೊಟ್ಟಣ ಕೈಗಿಟ್ಟು, ಇದರ ಬಗ್ಗೆಯೂ ನಾಲ್ಕು ಮಾತು ಬರೆಯಿರಿ ಎಂದರು. ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಕ್ಕೆ ಪ್ರಚಾರವನ್ನೂ ಉಚಿತ ಮಾದರಿಯನ್ನೂ ನಿಷೇಧಿಸುವ ಕಾಯ್ದೆಯೇ ಇದೆ ಎಂದೆ. "ಹೌದೇ ಮೇಡಂ?" ಎಂದ ಹುಡುಗ ಪೊಟ್ಟಣವನ್ನು ಮೆಲ್ಲಗೆ ಮೇಜಿನ ಕೆಳಗೆ ಇಟ್ಟ. ದೊಡ್ಡ ಮಕ್ಕಳ ರಾಗಿ ಬಿಸ್ಕತ್ತಿನ ಬಗ್ಗೆಯಷ್ಟೇ ಬರೆದುಕೊಟ್ಟೆ. ಬಿಸ್ಕತ್ತು ಸಿಹಿ ಹೆಚ್ಚಾಯಿತು ಎಂದೂ ಬರೆದೆ.

ಎರಡು ಗಂಟೆಗೆ ಮನೆಯಲ್ಲಿದ್ದೆವು. ಹೋಗಿಬರುವ ಖರ್ಚು ಕೊನೆಯ ಆಟೊ ಸೇರಿ 300ರ ಆಸುಪಾಸು. ಉಳಿದರ್ಧ ಹಣ ಬರಲು ಏಳು ವಾರ ಹಿಡಿಯಿತು, ಆದರೂ ಬಂತು. ಅತ್ತಿಗೆ ಈಗ ಜೋಳಿಗೆ ಕಟ್ಟುವುದನ್ನು ಕಲಿಸು ಎನ್ನುತ್ತಿದ್ದಾರೆ.

ಮೆಟ್ರೊದಲ್ಲಿ ಮೂರು ಅಡಿಯೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಡುಗೆಮನೆಯ ಬಾಗಿಲಿನ ಮೇಲಿನ ಪೆನ್ಸಿಲ್ ಗೆರೆ ಅಲ್ಲಿಗೆ ಇನ್ನೊಂದು ಬೆರಳಷ್ಟೇ ಬಾಕಿ ಇದೆ. ಮುಂದಿನ ತಿಂಗಳ ಆಹ್ವಾನಕ್ಕೆ ಕಳಿಸಿದ ಲೆಕ್ಕದಲ್ಲಿ ಅವಳ ಟಿಕೆಟನ್ನೂ ಸೇರಿಸಿದ್ದೇನೆ.